ನೆಗಡಿ ಬಂದರೆ ಮೂಗು ಕೊಯ್ಯಬೇಕೆ?

ಕಂಪ್ಯೂಟರಿಗೆ ಸಿಕ್ಕಿಸಿದ ಎಂಪಿ3 ಪ್ಲೇಯರ್ ತೆರೆಯ ಮೇಲೆ ಕಾಣಿಸಿಕೊಳ್ಳದಿದ್ದರೆ ಅದರ ಆಯುಷ್ಯ ಮುಗಿಯಿತೆಂದು ತೀರ್ಮಾನಿಸುವ ರೂಢಿ ಘಟ್ಟದ ಮೇಲಿನ ಊರುಗಳಿಗೂ ಹಬ್ಬಿದೆ. ಪೇಟೆಯ ಅಂಗಡಿಯಲ್ಲಿ ತೋರಿಸಿದರೆ ‘ಹಳೇ ಮಾಡೆಲ್ಲು, ಇದನ್ನೆಲ್ಲ ಈಗ ಯಾರೂ ರಿಪೇರಿ ಮಾಡುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಿಡಿ ಸಡಿಲಾದ ಕತ್ತಿಯನ್ನು ಕುಲುಮೆಗೆ ಒಯ್ಯುವ, ಕಡ್ಡಿ ಮುರಿದ ಕೊಡೆಯನ್ನು ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸಿಟ್ಟುಕೊಳ್ಳುವ ಜನ ಕೂಡ ಈ ಒಂದು ಮಾತಿಗೆ ತಲೆಬಾಗುತ್ತಾರೆ. ನೆಗಡಿ ಬಂದಿತೆಂದು ಮೂಗು ಕೊಯ್ದುಕೊಂಡಂತಹ ಈ ತೀರ್ಮಾನವನ್ನು ಪ್ರಶ್ನಿಸಬೇಕಾದ ಕಾಲ ಬಂದಿದೆ.

‘ಕಂಪ್ಯೂಟರ್ ಗುರುತಿಸುತ್ತಿಲ್ಲ’ ಎಂಬುದು ಲಕ್ಷಣವೇ ಹೊರತು ರೋಗವಲ್ಲ. ಆ ಲಕ್ಷಣದ ಹಿಂದೆ ಎರಡು ಬಗೆಯ ಕಾರಣಗಳಿರುತ್ತವೆ. ಮೊದಲನೆಯದು ತಂತಿ, ಕೊಳೆ, ಸೆಟ್ಟಿಂಗ್‌ಗಳಂತಹ ಚಿಲ್ಲರೆ ತೊಡಕು. ಹೈಸ್ಕೂಲು ವಿದ್ಯಾರ್ಥಿಯೂ ಒಂದು ಸಂಜೆಯಲ್ಲಿ ಬಿಡಿಸಬಲ್ಲಂಥದು. ಎರಡನೆಯದು ತಯಾರಕರೇ ಯೋಚಿಸಿ ಹಾಕಿದ ಬೀಗ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ಪ್ರತಿಭಟನೆ ಬೇಕು. ಹೊಸದನ್ನು ಕೊಳ್ಳುವುದು ಎರಡಕ್ಕೂ ಉತ್ತರವಲ್ಲ.

ಇಲ್ಲಿ ಪಣಕ್ಕಿರುವುದು ಕೆಲವು ನೂರು ರೂಪಾಯಿಯ ಯಂತ್ರವಷ್ಟೇ ಅಲ್ಲ. 2000ದ ದಶಕದಲ್ಲಿ ಮಾರಾಟವಾದ ಅನೇಕ ಪ್ಲೇಯರುಗಳಲ್ಲಿ ಧ್ವನಿಮುದ್ರಣದ ಸೌಲಭ್ಯವೂ ಇತ್ತು. ಅಜ್ಜಿ ಹೇಳಿದ ಸೋಬಾನೆ ಪದ, ಊರಿನ ತಾಳಮದ್ದಳೆ, ಗ್ರಾಮಸಭೆಯಲ್ಲಿ ಅಧಿಕಾರಿ ಕೊಟ್ಟ ಮಾತು, ಇಂಥವು ಬೇರೆಲ್ಲೂ ಪ್ರತಿಯಿಲ್ಲದೆ ಅಂತಹ ಪುಟ್ಟ ಪೆಟ್ಟಿಗೆಯೊಳಗೇ ಉಳಿದಿರಬಹುದು. ಪ್ಲೇಯರನ್ನು ಗುಜರಿಗೆ ಹಾಕಿದವರು ಆ ಧ್ವನಿಯನ್ನೂ ಗುಜರಿಗೆ ಹಾಕಿದಂತೆಯೇ. ಅವಸರದಲ್ಲಿ ಒತ್ತಿದ ಒಂದು ಗುಂಡಿಯೂ ಅದೇ ಅನಾಹುತ ಮಾಡಬಲ್ಲದು. ‘ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದಾಗ ಒಪ್ಪಿಗೆ ಕೊಡಬಾರದು. ಐಟ್ಯೂನ್ಸ್ ತಂತ್ರಾಂಶ ತೋರಿಸುವ ‘ರಿಸ್ಟೋರ್’ ಎಂಬ ಗುಂಡಿಯೂ ಐಪಾಡಿನಲ್ಲಿರುವುದನ್ನೆಲ್ಲ ಅಳಿಸುತ್ತದೆ. ಬೇರೆಯವರ ಕಂಪ್ಯೂಟರಿಗೆ ಐಪಾಡ್ ಜೋಡಿಸಿದಾಗ ‘ಅಳಿಸಿ ಸಿಂಕ್ ಮಾಡಲೇ’ ಎಂಬ ಪ್ರಶ್ನೆ ಬಂದರೆ ಬೇಡವೆನ್ನಬೇಕು. ಮೊದಲು ಒಳಗಿರುವುದನ್ನು ಉಳಿಸಿಕೊಳ್ಳಬೇಕು, ಆಮೇಲೆ ಯಂತ್ರವನ್ನು ಸರಿಪಡಿಸಬೇಕು. ಈ ಕ್ರಮ ತಪ್ಪಬಾರದು.

ತೊಡಕನ್ನು ಬಿಡಿಸುವ ಬಗೆ

ಹಳೆಯ ಪ್ಲೇಯರುಗಳ ಯುಎಸ್‌ಬಿ ತಂತಿಯೊಳಗೆ ಸಾಮಾನ್ಯವಾಗಿ ನಾಲ್ಕು ಎಳೆಗಳಿರುತ್ತವೆ. ಎರಡು ಎಳೆಗಳು ವಿದ್ಯುತ್ತನ್ನು ಒಯ್ಯುತ್ತವೆ, ಉಳಿದೆರಡು ಮಾಹಿತಿಯನ್ನು ಒಯ್ಯುತ್ತವೆ. ಅಗ್ಗದ ಎಷ್ಟೋ ಚಾರ್ಜಿಂಗ್ ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಇದ್ದರೂ ಮಡಿಸಿ ಮಡಿಸಿ ಒಳಗೇ ತುಂಡಾಗಿರುತ್ತವೆ. ಆಗ ಪ್ಲೇಯರ್ ಚಾರ್ಜ್ ಆಗುತ್ತದೆ, ದೀಪ ಉರಿಯುತ್ತದೆ, ಕಂಪ್ಯೂಟರ್ ಮಾತ್ರ ಮೌನವಾಗಿರುತ್ತದೆ. ದೀಪ ಉರಿದ ಮಾತ್ರಕ್ಕೆ ತಂತಿ ಸರಿಯಿದೆಯೆಂದು ನಂಬುವುದೇ ಇಲ್ಲಿನ ಮೊದಲ ತಪ್ಪು. ಫೋನಿಗೋ ಕ್ಯಾಮೆರಾಗೋ ಮಾಹಿತಿ ಸಾಗಿಸುತ್ತಿರುವ ಇನ್ನೊಂದು ತಂತಿಯನ್ನು ಸಿಕ್ಕಿಸಿ ನೋಡಬೇಕು.

ಎರಡನೆಯ ಶತ್ರು ತೇವ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವಂತೆ ತಂತಿಯ ತುದಿಗೂ ಪ್ಲೇಯರಿನ ಕಿಂಡಿಗೂ ಕಿಲುಬು ಹಿಡಿಯುತ್ತದೆ. ಜೇಬಿನ ಹತ್ತಿಯ ನಾರು ಕಿಂಡಿಯಲ್ಲಿ ಸೇರಿಕೊಂಡು ತಂತಿ ಪೂರ್ತಿ ಒಳಗೆ ಕೂರದಂತೆಯೂ ಆಗಬಹುದು. ಯಂತ್ರವನ್ನು ಆರಿಸಿ, ಒಣಗಿದ ಮೃದುವಾದ ಬ್ರಷ್ಷಿನಿಂದ ಅಥವಾ ಮರದ ಹಲ್ಲುಕಡ್ಡಿಯಿಂದ ಅದನ್ನು ಬಿಡಿಸಬೇಕು. ಸೂಜಿ, ಪಿನ್ನುಗಳಂತಹ ಲೋಹದ ವಸ್ತು ಕೂಡದು.

ಬಹುಕಾಲ ಪೆಟ್ಟಿಗೆಯಲ್ಲಿ ಮಲಗಿದ್ದ ಪ್ಲೇಯರಿನ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಅದು ಕಂಪ್ಯೂಟರಿಗೆ ಉತ್ತರ ಕೊಡಲಾರದು. ಅರ್ಧ ಗಂಟೆಯೋ ಒಂದು ಗಂಟೆಯೋ ಚಾರ್ಜಿಗೆ ಹಾಕಿ ಅನಂತರ ಪರೀಕ್ಷಿಸಬೇಕು. ಕೀಬೋರ್ಡಿನ ಕಿಂಡಿಗೋ ಹಲವು ತಂತಿ ಹಂಚಿಕೊಂಡ ಹಬ್ಬಿಗೋ ಜೋಡಿಸದೆ, ಡೆಸ್ಕ್‌ಟಾಪಿನ ಹಿಂಬದಿಯ ಕಿಂಡಿಗೇ ನೇರವಾಗಿ ಜೋಡಿಸುವುದು ಲೇಸು. ಮುಂದಿನ ಕಿಂಡಿಗಳ ಒಳಜೋಡಣೆ ಸಡಿಲಾಗಿರುವುದುಂಟು.

ಇಷ್ಟಾದರೂ ಫಲವಿಲ್ಲದಿದ್ದರೆ ಎಲ್ಲಕ್ಕಿಂತ ಬೆಲೆಯುಳ್ಳ ಪರೀಕ್ಷೆಯೊಂದಿದೆ, ಅದಕ್ಕೆ ಕಾಸು ಬೇಡ. ಅದೇ ಪ್ಲೇಯರನ್ನು ಅದೇ ತಂತಿಯೊಡನೆ ಶಾಲೆಯದೋ ನೆರೆಮನೆಯದೋ ಕಂಪ್ಯೂಟರಿಗೆ ಜೋಡಿಸಬೇಕು. ಅಲ್ಲಿ ಕಾಣಿಸಿಕೊಂಡರೆ ಪ್ಲೇಯರ್ ನಿರಪರಾಧಿ. ದೋಷ ಮೊದಲಿನ ಕಂಪ್ಯೂಟರಿನದು. ಎಲ್ಲಿಯೂ ಕಾಣಿಸದಿದ್ದರೆ ಮಾತ್ರ ಪ್ಲೇಯರನ್ನು ಸಂಶಯಿಸಬೇಕು. ಈ ವಿಚಾರಣೆ ನಡೆಸದೆಯೇ ಅದಕ್ಕೆ ಮರಣದಂಡನೆ ವಿಧಿಸುವುದು ಯಾವ ನ್ಯಾಯ?

ಕಂಪ್ಯೂಟರಿನ ದೋಷಗಳೂ ಭಯಪಡುವಂಥವಲ್ಲ. ವಿಂಡೋಸ್ ಪ್ರತಿಯೊಂದು ಡಿಸ್ಕಿಗೂ ಒಂದು ಅಕ್ಷರವನ್ನು ಕೊಡುತ್ತದೆ. ಆ ಅಕ್ಷರವನ್ನು ನೆಟ್‌ವರ್ಕಿನ ಇನ್ನೊಂದು ಡ್ರೈವ್ ಆಗಲೇ ಹಿಡಿದಿಟ್ಟಿದ್ದರೆ, ಒಂದೇ ಮನೆ ಸಂಖ್ಯೆ ಪಡೆದ ಎರಡು ಮನೆಗಳಂತೆ, ಪ್ಲೇಯರ್ ಬಂದಿದ್ದರೂ ಕಾಣಿಸುವುದಿಲ್ಲ. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಬೇರೆ ಅಕ್ಷರ ಕೊಟ್ಟರೆ ಸಾಕು. ‘ಡಿವೈಸ್ ಮ್ಯಾನೇಜರ್’ನಲ್ಲಿ ಹಳದಿ ಗುರುತು ಕಂಡರೆ ಆ ಸಾಲನ್ನು ಅಳಿಸಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ ಚಾಲಕ ತಂತ್ರಾಂಶ ಹೊಸದಾಗಿ ಕೂರುತ್ತದೆ.

ಪ್ಲೇಯರಿನದೇ ಸೆಟ್ಟಿಂಗ್ ಅಡ್ಡಬರುವುದೂ ಸಾಮಾನ್ಯ. ಎಷ್ಟೋ ಪ್ಲೇಯರುಗಳು ಎರಡು ಭಾಷೆಯಲ್ಲಿ ಮಾತನಾಡಬಲ್ಲವು: ಪೆನ್‌ಡ್ರೈವಿನಂತೆ ಬರಿಯ ಡಿಸ್ಕಾಗಿ ಕಾಣಿಸಿಕೊಳ್ಳುವ ಎಂಎಸ್‌ಸಿ, ಮೈಕ್ರೋಸಾಫ್ಟ್ ರೂಪಿಸಿದ ಎಂಟಿಪಿ. ಎಂಟಿಪಿ ಭಾಷೆ ವಿಂಡೋಸ್ ಎಕ್ಸ್‌ಪಿಗೆ ತಿಳಿಯಬೇಕಾದರೆ ಮೀಡಿಯಾ ಪ್ಲೇಯರ್ 10 ಬೇಕಾಗಿತ್ತು. ಆಪಲ್‌ನ ಮ್ಯಾಕ್ ಕಂಪ್ಯೂಟರುಗಳಿಗೆ ಅದು ತಾನಾಗಿ ತಿಳಿಯುವುದೇ ಇಲ್ಲ. ಪ್ಲೇಯರಿನ ಮೆನುವಿನಲ್ಲಿ ‘ಯುಎಸ್‌ಬಿ ಮೋಡ್’ ಹುಡುಕಿ ಎಂಎಸ್‌ಸಿಗೆ ಬದಲಿಸಿದೊಡನೆ ಮೂಕನಿಗೆ ಮಾತು ಬರುವುದುಂಟು. ತೆರೆ ಸ್ತಬ್ಧವಾಗಿದ್ದರೆ ರಿಸೆಟ್ ಮಾಡಬೇಕು. ಚಕ್ರವುಳ್ಳ ಐಪಾಡಿನಲ್ಲಿ ‘ಹೋಲ್ಡ್’ ಗುಂಡಿಯನ್ನು ಒಮ್ಮೆ ಹಾಕಿ ತೆಗೆದು, ಮೆನು ಮತ್ತು ನಡುವಿನ ಗುಂಡಿಗಳನ್ನು ಆಪಲ್ ಗುರುತು ಮೂಡುವವರೆಗೆ ಒಟ್ಟಿಗೆ ಒತ್ತಿ ಹಿಡಿಯಬೇಕು. ಇದರಿಂದ ಹಾಡುಗಳು ಅಳಿಯುವುದಿಲ್ಲ. ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡನ್ನು ವಿಂಡೋಸ್ ಓದಲಾರದು. ಅದು ಕೆಟ್ಟಿದೆ ಎಂದಲ್ಲ, ಲಿಪಿ ಬೇರೆ ಎಂದಷ್ಟೇ ಅರ್ಥ. ಒಂದು ಮ್ಯಾಕ್ ಹುಡುಕಿ ಅಲ್ಲಿ ಪ್ರತಿ ತೆಗೆದುಕೊಳ್ಳಬೇಕು.

ಬೀಗ ಹಾಕಿದವರು ಯಾರು?

ಇಲ್ಲಿಯವರೆಗಿನದು ತಾಳ್ಮೆಯ ಮಾತು. ತಾಳ್ಮೆ ಎಂತಹ ಔಷಧಿ ಎಂಬುದಕ್ಕೆ 2008ರ ಡಿಸೆಂಬರ್ 31 ಸಾಕ್ಷಿ. ಅಂದು ಮೈಕ್ರೋಸಾಫ್ಟ್ ಕಂಪನಿಯ 30 ಜಿಬಿಯ ಜೂನ್ ಪ್ಲೇಯರುಗಳು ಜಗತ್ತಿನಾದ್ಯಂತ ಒಮ್ಮೆಲೇ ಸ್ತಬ್ಧವಾದವು. ಅಧಿಕ ವರ್ಷದ 366ನೆಯ ದಿನವನ್ನು ಲೆಕ್ಕ ಹಾಕಲು ಅವುಗಳ ಒಳಗಿನ ಗಡಿಯಾರದ ತಂತ್ರಾಂಶಕ್ಕೆ ಬಾರದೆ ಹೋದದ್ದು ಕಾರಣ. ಕಂಪನಿ ಹೇಳಿದ ಪರಿಹಾರ ಇಷ್ಟೇ: ಬ್ಯಾಟರಿ ಬರಿದಾಗಲು ಬಿಡಿ, ಜನವರಿ 1ರ ಮಧ್ಯಾಹ್ನ ಗ್ರೀನಿಚ್ ಸಮಯ ಕಳೆದ ಮೇಲೆ ಚಾರ್ಜ್ ಮಾಡಿ. ಮಾರನೆಯ ದಿನ ಅವು ಮತ್ತೆ ಹಾಡಿದವು. ಆ ಒಂದು ದಿನ ಕಾಯದೆ ಎಸೆದವರು ಜೀವಂತ ಯಂತ್ರವನ್ನೇ ಎಸೆದಂತಾಯಿತು.

ಆದರೆ ತಾಳ್ಮೆಯಿಂದ ತೆರೆಯದ ಬೀಗಗಳೂ ಇವೆ. ಅದೇ ಜೂನ್ ಪ್ಲೇಯರ್ ಸಾಮಾನ್ಯ ಡಿಸ್ಕಾಗಿ ಕಾಣಿಸಿಕೊಳ್ಳುತ್ತಿರಲಿಲ್ಲ. ಕಂಪನಿಯದೇ ತಂತ್ರಾಂಶ ಬೇಕಿತ್ತು. 2006ರಲ್ಲಿ ಬಂದ ಅದರ ಸೇವೆಗಳು 2015ರ ನವೆಂಬರಿನಲ್ಲಿ ನಿಂತವು. ಯಂತ್ರ ಗಟ್ಟಿಯಾಗಿದ್ದರೂ ಕಂಪನಿಯ ಆಸಕ್ತಿ ತೀರಿದರೆ ಅದು ಅನಾಥ. 2001ರ ಅಕ್ಟೋಬರಿನಲ್ಲಿ 399 ಡಾಲರ್ ಬೆಲೆಗೆ ಬಂದ ಐಪಾಡಿನಲ್ಲಿ ಹಾಡುಗಳನ್ನು ಮರೆಮಾಡಿದ ಕಡತದೊಳಗೆ, ನಾಲ್ಕು ಅಕ್ಷರದ ಅರ್ಥವಿಲ್ಲದ ಹೆಸರುಗಳಲ್ಲಿ ಇಡಲಾಗುತ್ತಿತ್ತು. ‘ಐಪಾಡ್ ಕಂಟ್ರೋಲ್’ ಎಂಬ ಆ ಕಡತವನ್ನು, ಅಡಗಿಸಿದ ಫೈಲುಗಳನ್ನು ತೋರಿಸುವ ಆಯ್ಕೆಯಿಂದ ಹೊರಗೆಳೆದು ಪ್ರತಿ ಮಾಡಿಕೊಳ್ಳಬಹುದು. ಕೊಂಡವನ ವಸ್ತುವನ್ನು ಕೊಂಡವನಿಂದಲೇ ಬಚ್ಚಿಡುವ ಈ ಬುದ್ಧಿವಂತಿಕೆಗೆ ಏನೆನ್ನಬೇಕು?

ಬ್ಯಾಟರಿಯ ಕಥೆ ಇನ್ನೂ ಕಟು. ಐಪಾಡಿನ ಬ್ಯಾಟರಿಯನ್ನು ಬಳಕೆದಾರ ತೆಗೆಯಲಾಗದಂತೆ ಮುಚ್ಚಲಾಗಿತ್ತು. 2003ರಲ್ಲಿ ಕೇಸಿ ಮತ್ತು ವ್ಯಾನ್ ನೈಸ್ಟಾಟ್ ಎಂಬ ಸೋದರರು ಕಿರುಚಿತ್ರ ಮಾಡಿ, ಬ್ಯಾಟರಿ ಹದಿನೆಂಟು ತಿಂಗಳಷ್ಟೇ ಬಾಳುತ್ತದೆಂದು ನ್ಯೂಯಾರ್ಕಿನ ಬೀದಿಗಳಲ್ಲಿದ್ದ ಐಪಾಡ್ ಜಾಹೀರಾತುಗಳ ಮೇಲೆಯೇ ಬರೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಂಪನಿ 99 ಡಾಲರಿಗೆ ಬ್ಯಾಟರಿ ಬದಲಿಸುವ ಯೋಜನೆ ಪ್ರಕಟಿಸಿತು. ಬ್ಯಾಟರಿಯ ಬಗ್ಗೆ ಗ್ರಾಹಕರು ಹೂಡಿದ ಮೊಕದ್ದಮೆ 2005ರಲ್ಲಿ ಅಮೆರಿಕದಲ್ಲಿ ರಾಜಿಯಾಯಿತು. ಜನ ಕೇಳಿದಾಗ ಮಾತ್ರ ಕಂಪನಿಗಳಿಗೆ ಕಿವಿ ಕೇಳಿಸುತ್ತದೆ. 2022ರ ಮೇ ತಿಂಗಳಲ್ಲಿ ಆಪಲ್ ಐಪಾಡ್ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಷ್ಟರವರೆಗೆ ಮಾರಾಟವಾದ ಯಂತ್ರಗಳ ಹೊಣೆ ಈಗ ಯಾರದು?

‘ಮೊಬೈಲಿನಲ್ಲೇ ಎಲ್ಲ ಸಿಗುವಾಗ ಹಳೆಯ ಪ್ಲೇಯರಿನ ಹಿಂದೆ ಒಂದು ಸಂಜೆ ಕಳೆಯುವುದೇಕೆ’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲವೆಂದಲ್ಲ, ದುಡಿಯುವವರ ಸಮಯಕ್ಕೂ ಬೆಲೆಯಿದೆ. ಆದರೆ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಊರಿನಲ್ಲಿ, ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಆಷಾಢದಲ್ಲಿ, ನೆಟ್ಟಿನ ಹಂಗಿಲ್ಲದೆ ಹಾಡುವ, ಪಾಠ ಕೇಳಿಸುವ ಯಂತ್ರಕ್ಕೆ ಇನ್ನೂ ಸ್ಥಾನವಿದೆ. ಮಿಗಿಲಾಗಿ, ಪ್ಲೇಯರಿನ ಮೇಲೆ ಕಲಿತ ವಿಚಾರಣೆಯ ಕ್ರಮ ನಾಳೆ ಮೊಬೈಲಿಗೂ ಪಂಪಿನ ಸ್ಟಾರ್ಟರಿಗೂ ಅನ್ವಯಿಸುತ್ತದೆ. ಎಸೆಯುವುದನ್ನು ಮಾತ್ರ ಕಲಿತವನು ಎಂದಿಗೂ ಗಿರಾಕಿಯಾಗಿಯೇ ಉಳಿಯುತ್ತಾನೆ.

ಎಸೆದದ್ದು ಎಲ್ಲಿಗೂ ಹೋಗುವುದಿಲ್ಲ

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಸರಿಯಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದಕ್ಕೆ ಲೆಕ್ಕ ಸಿಗುವುದು ಶೇ. 22.3ಕ್ಕೆ ಮಾತ್ರ. ಹಳ್ಳಿಗೆ ಕಸದ ಗಾಡಿ ಬಾರದ ಕಡೆ ಉಳಿದದ್ದರ ಗತಿ ಹಳ್ಳ, ಇಲ್ಲವೇ ಬಚ್ಚಲೊಲೆ. ಲಿಥಿಯಂ ಬ್ಯಾಟರಿಯನ್ನು ಒಲೆಗೆ ಹಾಕುವುದೆಂದರೆ ಸಿಡಿಮದ್ದು ಹಾಕಿದಂತೆ; ಅದರಿಂದ ಹೊರಡುವ ಅನಿಲಗಳು ಶ್ವಾಸಕೋಶಕ್ಕೆ ವಿಷ. ಪ್ಲೇಯರಿನ ಹೊಟ್ಟೆ ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಬಾರದು, ಅದುಮಬಾರದು, ಚುಚ್ಚಬಾರದು. ಬೆಂಕಿ ಹತ್ತುವ ವಸ್ತುಗಳಿಂದ ದೂರವಿರಿಸಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ತಾಳ್ಮೆಗೂ ಒಂದು ಮಿತಿಯಿದೆ, ಆ ಮಿತಿ ಇದೇ.

ಹೊಸ ಯಂತ್ರವೊಂದಕ್ಕೆ ಬೇಕಾದ ತಾಮ್ರ, ಕೋಬಾಲ್ಟ್, ಲಿಥಿಯಂ ಯಾವುದೋ ಗುಡ್ಡವನ್ನು ಅಗೆದೇ ಬರಬೇಕು. ಗುಡ್ಡ ಅಗೆದರೆ ಹೊಳೆಯ ನೀರಿನ ಬಣ್ಣ ಏನಾಗುತ್ತದೆಂದು, 2005ರ ಕೊನೆಗೆ ನಿಂತ ಕುದುರೆಮುಖದ ಗಣಿಗಾರಿಕೆಯನ್ನು ಕಂಡ ಭದ್ರಾ ತೀರದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಸರಿಪಡಿಸಿದ ಪ್ರತಿಯೊಂದು ಯಂತ್ರವೂ ಅಗೆಯದೆ ಉಳಿದ ಒಂದು ಹಿಡಿ ಮಣ್ಣು.

ಕಾನೂನು ಕಣ್ಣು ತೆರೆಯುತ್ತಿದೆ, ಆದರೆ ನಿಧಾನವಾಗಿ. ಭಾರತದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು ತಯಾರಕರ ಮೇಲೆ ಮರುಬಳಕೆಯ ಹೊಣೆ ಹೊರಿಸುತ್ತವೆ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿ, ವರ್ಷಾಂತ್ಯಕ್ಕೆ ಒಂದು ಪೋರ್ಟಲನ್ನೂ ತೆರೆಯಿತು. ಪೋರ್ಟಲ್ ಎಂಬುದು ಕಾನೂನಲ್ಲ. ಯುರೋಪಿನಲ್ಲಾದರೋ 2024ರ ಡಿಸೆಂಬರ್ 28ರಿಂದ ಮೊಬೈಲ್, ಟ್ಯಾಬ್ಲೆಟ್, ಹೆಡ್‌ಫೋನ್ ಮೊದಲಾದವುಗಳಿಗೆ ಒಂದೇ ಬಗೆಯ ಚಾರ್ಜಿಂಗ್ ಕಿಂಡಿ ಕಡ್ಡಾಯವಾಗಿದೆ. ಬಳಕೆದಾರನೇ ಬ್ಯಾಟರಿ ಬದಲಿಸುವಂತಿರಬೇಕೆಂಬ ನಿಯಮ 2027ರ ಫೆಬ್ರವರಿ 18ರಿಂದ ಅನ್ವಯವಾಗಬೇಕೆಂದು ಅಲ್ಲಿನ ಶಾಸನ ಗೊತ್ತುಮಾಡಿದೆ. ತೆಳ್ಳಗಿನ ಯಂತ್ರಕ್ಕೆ ಅಂಟೇ ಗತಿಯೆಂಬ ಕಂಪನಿಗಳ ವಾದ ಅಲ್ಲಿ ನಡೆಯದಿದ್ದರೆ ಇಲ್ಲೇಕೆ ನಡೆಯಬೇಕು?

ಬೇಡಿಕೆಗಳು ಸರಳವಾಗಿವೆ. ಸಂಗೀತದ ಯಂತ್ರ ಯಾವ ಕಂಪ್ಯೂಟರಿಗೆ ಜೋಡಿಸಿದರೂ ಬರಿಯ ಡಿಸ್ಕಾಗಿ ತೆರೆದುಕೊಳ್ಳಬೇಕು. ಬ್ಯಾಟರಿ ಅಂಟಿನಿಂದಲ್ಲ, ಸ್ಕ್ರೂವಿನಿಂದ ನಿಲ್ಲಬೇಕು. ಕಂಪನಿ ಸೇವೆ ನಿಲ್ಲಿಸುವ ದಿನ ತಂತ್ರಾಂಶದ ಕೀಲಿಯನ್ನು ಜನರಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೂ ಜನ ಸುಮ್ಮನೆ ಕುಳಿತಿಲ್ಲ: 2001ರಲ್ಲಿ ಆರಂಭವಾದ ರಾಕ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಸ್ವಯಂಸೇವಕರು ಬರೆದು, ಐಪಾಡಿನ ಹಲವು ಮಾದರಿಗಳೂ ಸೇರಿದಂತೆ ಅನೇಕ ಹಳೆಯ ಪ್ಲೇಯರುಗಳಿಗೆ ಎರಡನೆಯ ಜನ್ಮ ಕೊಟ್ಟಿದ್ದಾರೆ.

ಪ್ರತಿ ಹೈಸ್ಕೂಲಿನಲ್ಲಿ, ಪ್ರತಿ ಯುವಕ ಸಂಘದಲ್ಲಿ ತಿಂಗಳಿಗೊಂದು ಸಂಜೆ ರಿಪೇರಿಗೆ ಮೀಸಲಾಗಲಿ. ಸರಿಯಿರುವ ಒಂದು ತಂತಿ, ಒಂದು ಬ್ರಷ್ಷು, ಒಂದು ಕಂಪ್ಯೂಟರ್, ಯಾವ ಯಂತ್ರಕ್ಕೆ ಯಾವ ಮದ್ದು ಹಿಡಿಯಿತೆಂದು ಬರೆದಿಡಲು ಒಂದು ನೋಟ್‌ಬುಕ್ ಇದ್ದರೆ ಸಾಕು. ಮೊದಲು ಒಳಗಿನ ಧ್ವನಿಗಳಿಗೆ ಪ್ರತಿ, ಅನಂತರ ತಂತಿಯ ಪರೀಕ್ಷೆ, ಎಲ್ಲ ಮುಗಿದ ಮೇಲಷ್ಟೇ ಅಂಗಡಿಯ ಮೆಟ್ಟಿಲು.