ಬೆಳಕು ಕೊಳ್ಳುವ ಬಗೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ಪಟ್ಟಣದ ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಪುಟ್ಟ ನಾಟಕ ನಡೆಯುವುದುಂಟು. ಗೃಹಿಣಿ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ, ಹಜಾರದ ಸ್ವಿಚ್ಚನ್ನು ಒತ್ತುತ್ತಾಳೆ. ಕಚೇರಿಯಿಂದ ಬಂದ ಯಜಮಾನರು ಚಪ್ಪಲಿ ಬಿಡುವ ಮೊದಲೇ ಮನೆಯೆಲ್ಲ ಕಣ್ಣಾಡಿಸಿ, “ಯಾರೂ ಇಲ್ಲದ ಕೋಣೆಯಲ್ಲಿ ಯಾಕೆ ದೀಪ?” ಎಂದು ಕೇಳುತ್ತಾರೆ. ಮಕ್ಕಳು ಓಡಿ ಹೋಗಿ ಆರಿಸಿ ಬರುತ್ತಾರೆ. ಮರುಗಳಿಗೆಯಲ್ಲಿ ಆ ಮಾತನ್ನು ಮರೆತೂ ಬಿಡುತ್ತಾರೆ. ಮರೆಯದೆ ಮನಸ್ಸಿಗೆ ಹಚ್ಚಿಕೊಳ್ಳುವವರು ಅಜ್ಜಿ ಒಬ್ಬರೇ. ನಡುರಾತ್ರಿಯಲ್ಲಿ ಎದ್ದಾಗ ಅವರು ದೀಪ ಹಾಕುವುದಿಲ್ಲ. ಗೋಡೆಯನ್ನು ತಡವಿಕೊಂಡು, ಹೊಸ್ತಿಲನ್ನು ಪಾದದಿಂದ ಹುಡುಕಿಕೊಂಡು ಬಚ್ಚಲುಮನೆಗೆ ಹೋಗಿ ಬರುತ್ತಾರೆ. ಯಾರಾದರೂ ಕೇಳಿದರೆ, “ಎರಡು ಹೆಜ್ಜೆಗೆ ಯಾಕಪ್ಪಾ ದೀಪ? ಸುಮ್ಮನೆ ಕರೆಂಟು ದಂಡ” ಎನ್ನುತ್ತಾರೆ.

ಆ ಎರಡು ಹೆಜ್ಜೆಗಳಲ್ಲಿ ಒಂದು ತಪ್ಪಿದರೆ ಆಗುವ ನಷ್ಟ ಯಾವ ವಿದ್ಯುತ್ ಬಿಲ್ಲಿಗೂ ಸಮನಾಗದು. ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಅನೇಕರು ಮತ್ತೆ ಮೊದಲಿನಂತೆ ನಡೆದಾಡಲಾರರು. ಆದುದರಿಂದ ಮನೆಗೆ ದೀಪಗಳನ್ನೂ ಪರದೆ ಪೀಠೋಪಕರಣಗಳನ್ನೂ ಆರಿಸುವ ಪ್ರಸಂಗ ಬಂದಾಗ ಒಂದು ಮಾತು ಮೊದಲೇ ಸ್ಪಷ್ಟವಾಗಿರಬೇಕು. ವಿದ್ಯುತ್ತನ್ನು ಉಳಿಸುವುದು ಬೇರೆ. ಬೆಳಕನ್ನು ಉಳಿಸುವುದು ಬೇರೆ. ಮೊದಲನೆಯದು ಜಾಣತನ. ಎರಡನೆಯದು ಒಂದು ಕಾಲದಲ್ಲಿ ಅನಿವಾರ್ಯವಾಗಿದ್ದಿತು. ಇಂದು ಅದು ಬಿಡಲಾರದೆ ಉಳಿದಿರುವ ಹಳೆಯ ಅಭ್ಯಾಸ.

ಹಳೆಯ ಲೆಕ್ಕ, ಹೊಸ ಲೆಕ್ಕ

ಈ ಅಭ್ಯಾಸದ ಬೇರು ಆಳವಾದುದು. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತಿನ ಉತ್ಪಾದನೆ ಆರಂಭವಾದಾಗ ಅದು ಹರಿದದ್ದು ಮನೆಗಳಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಅಲ್ಲಿಂದ ಮುಂದೆ ಬಹುಕಾಲ ಮನೆಗಳನ್ನು ಬೆಳಗಿದ್ದು ತಂತಿಯ ಬಲ್ಬು. ಅದು ದೀಪವೆನ್ನುವುದಕ್ಕಿಂತ ಸಣ್ಣದೊಂದು ಒಲೆಯೆಂದರೇ ಸರಿ. ಗಾಜಿನ ಒಳಗಿರುವ ಟಂಗ್‌ಸ್ಟನ್ ತಂತಿಯು 2,000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾದಾಗ ಮಾತ್ರ ಆ ಬಲ್ಬು ಬೆಳಗುತ್ತದೆ. ಅದು ಕುಡಿಯುವ ನೂರು ಪಾಲು ವಿದ್ಯುತ್ತಿನಲ್ಲಿ ಬೆಳಕಾಗುವುದು ಐದರಿಂದ ಹತ್ತು ಪಾಲು. ಮಿಕ್ಕುದೆಲ್ಲವೂ ಬಿಸಿಯಾಗಿ ಹೋಗುತ್ತದೆ. ಉರಿಯುತ್ತಿದ್ದ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕವನ್ನು ನೋಡಬಹುದು. ಸಾವಿರ ವಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 60 ವಾಟಿನ ಬಲ್ಬು ದಿನಕ್ಕೆ ಐದು ಗಂಟೆಯಂತೆ ಉರಿದರೆ ತಿಂಗಳಿಗೆ 9 ಯೂನಿಟ್ ಆಗುತ್ತದೆ. ಅಂಥವು ನಾಲ್ಕಿದ್ದರೆ 36. ಎಣಿಸಿ ಸಂಬಳ ತರುತ್ತಿದ್ದ ಮನೆಗಳಲ್ಲಿ “ದೀಪ ಆರಿಸಿ” ಎಂಬ ಮಾತು ಮಂತ್ರದಂತೆ ಕೇಳಿಬರುತ್ತಿದ್ದುದು ಸಹಜವೇ ಅಲ್ಲವೆ?

ಬಳಿಕ ಟ್ಯೂಬ್‌ಲೈಟು ಬಂದಿತು. ಬೆಳಕು ಹೆಚ್ಚಿತು, ಆದರೆ ಹಳೆಯ 40 ವಾಟಿನ ಕೊಳವೆಯ ಜೊತೆಗೆ ಚೋಕು ಹತ್ತು ವಾಟಿಗೂ ಮೀರಿ ಕುಡಿಯುತ್ತಿದ್ದುದು ಹಲವರಿಗೆ ತಿಳಿದಿರಲಿಲ್ಲ. ಅನಂತರ ಬಂದ ಸಿಎಫ್‌ಎಲ್ ಬಲ್ಬುಗಳಲ್ಲಿ ಮಿತವ್ಯಯವಿದ್ದರೂ ಒಳಗೆ ಒಂದಿಷ್ಟು ಪಾದರಸವಿದ್ದಿತು. ಆದುದರಿಂದಲೇ ಅದು ಒಡೆದರೆ ಚೂರುಗಳನ್ನು ಕೈಯಿಂದ ಮುಟ್ಟದೆ, ಕಿಟಕಿ ತೆರೆದು, ಎಚ್ಚರಿಕೆಯಿಂದ ತೆಗೆಯಬೇಕಾಗುತ್ತದೆ.

ಇಂದು ಅಂಗಡಿಗಳನ್ನು ತುಂಬಿರುವ ಎಲ್‌ಇಡಿ ದೀಪದಲ್ಲಿ ತಂತಿಯೂ ಇಲ್ಲ, ಪಾದರಸವೂ ಇಲ್ಲ. ಕೆಂಪು, ಹಸಿರು ಬೆಳಕನ್ನು ಕೊಡುವ ಎಲ್‌ಇಡಿಗಳು ಬಹಳ ಹಿಂದೆಯೇ ಬಂದಿದ್ದವು. ನೀಲಿ ದೊರೆಯದೆ ಬಿಳಿಯ ಬೆಳಕು ಸಾಧ್ಯವಿರಲಿಲ್ಲ. ಆ ನೀಲಿಯನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷವೇ, 2015ರ ಜನವರಿಯಲ್ಲಿ, ಭಾರತ ಸರ್ಕಾರದ ಉಜಾಲಾ ಯೋಜನೆ ಆರಂಭವಾಯಿತು. ಒಟ್ಟಾಗಿ ಕೋಟ್ಯಂತರ ಬಲ್ಬುಗಳನ್ನು ಕೊಂಡುದರಿಂದ, 2014ರಲ್ಲಿ ಸರ್ಕಾರಕ್ಕೆ 310 ರೂಪಾಯಿ ಬೀಳುತ್ತಿದ್ದ ಬಲ್ಬು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 60 ವಾಟಿನ ತಂತಿಯ ಬಲ್ಬು ಮಾಡುತ್ತಿದ್ದ ಕೆಲಸವನ್ನು 9 ವಾಟಿನ ಎಲ್‌ಇಡಿ ಮಾಡುತ್ತದೆ. ಹಿಂದಿನ ಲೆಕ್ಕದಂತೆಯೇ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಕೂಡ ಮುಟ್ಟದು. ಅಜ್ಜಿಯ ಎರಡು ಹೆಜ್ಜೆಯ ಬೆಳಕಿಗೆ ತಗಲುವುದು ಲೆಕ್ಕಕ್ಕೇ ಸಿಗದಷ್ಟು.

ಪೆಟ್ಟಿಗೆಯ ಮೇಲಿನ ಬರಹ

ಬಲ್ಬು ಅಗ್ಗವಾಯಿತೆಂದ ಮಾತ್ರಕ್ಕೆ ಕಣ್ಣುಮುಚ್ಚಿ ಕೊಳ್ಳಬಾರದು. ಅಂಗಡಿಯಲ್ಲಿ “ಎಷ್ಟು ವಾಟಿನದು?” ಎಂದು ಕೇಳುವುದು ರೂಢಿ. ವಾಟ್ ಎಂಬುದು ಬಲ್ಬು ಉಣ್ಣುವ ಅನ್ನದ ಅಳತೆ. ಅದು ಮಾಡುವ ಕೆಲಸದ ಅಳತೆ ಲ್ಯೂಮೆನ್. ಹಳೆಯ 60 ವಾಟಿನ ಬಲ್ಬು ಸುಮಾರು 700ರಿಂದ 800 ಲ್ಯೂಮೆನ್ ಬೆಳಕು ಕೊಡುತ್ತಿದ್ದಿತು. ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ವಾಟಿನಿಂದ ಭಾಗಿಸಿದಾಗ ನೂರೋ ಅದಕ್ಕೆ ಮೇಲೋ ಬಂದರೆ ಆ ಬಲ್ಬು ಉಂಡ ಅನ್ನಕ್ಕೆ ತಕ್ಕ ದುಡಿಮೆ ಮಾಡುತ್ತದೆಂದು ತಿಳಿಯಬಹುದು. ವಿದ್ಯುತ್ ಮಿತಬಳಕೆಯನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯ ನಕ್ಷತ್ರದ ಗುರುತು ಎಲ್‌ಇಡಿ ಬಲ್ಬುಗಳಿಗೆ 2018ರಲ್ಲಿ ಕಡ್ಡಾಯವಾಯಿತು. ನಕ್ಷತ್ರಗಳು ಹೆಚ್ಚಿದ್ದಷ್ಟೂ ಒಂದೊಂದು ವಾಟಿಗೆ ಬೆಳಕು ಹೆಚ್ಚು.

ಎರಡನೆಯದು ಬೆಳಕಿನ ಬಣ್ಣ. ಇದನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. 2,700ರ ಆಸುಪಾಸಿನದು ಹಣತೆಯ ನೆನಪು ತರುವ ಹೊಂಬಣ್ಣ, 4,000 ನಸುಬಿಳಿ, 6,500 ನೀಲಿ ಬೆರೆತ ಬಿಳಿ. ಹೆಚ್ಚು ಬಿಳಿಯಾದದ್ದೇ ಹೆಚ್ಚು ಬೆಳಕೆಂದು ಬಗೆದು ಮಲಗುವ ಕೋಣೆಗೂ 6,500ರ ದೀಪವನ್ನೇ ಹಾಕಿಸುವವರುಂಟು. ರಾತ್ರಿಯ ಹೊತ್ತು ನೀಲಿ ಹೆಚ್ಚಾಗಿರುವ ಬೆಳಕಿನಲ್ಲಿ ಬಹಳ ಹೊತ್ತು ಕುಳಿತರೆ ನಿದ್ರೆ ದೂರವಾಗುತ್ತದೆ. ಮಲಗುವ ಕೋಣೆಗೂ ಊಟದ ಸ್ಥಳಕ್ಕೂ ಹೊಂಬಣ್ಣವೇ ಹಿತ. ಓದಿಗೂ ಅಡುಗೆಗೂ ನಸುಬಿಳಿ ಸಾಕು.

ಮೂರನೆಯದು ವಸ್ತುಗಳ ನಿಜವಾದ ಬಣ್ಣವನ್ನು ತೋರಿಸುವ ಗುಣ. ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಕ್ಷರಗಳ ಮುಂದೆ ಇದರ ಸಂಖ್ಯೆ ಇರುತ್ತದೆ. ಹಗಲ ಬೆಳಕನ್ನು 100 ಎಂದಿಟ್ಟುಕೊಂಡರೆ ಮನೆಯ ದೀಪಕ್ಕೆ 80ಕ್ಕಿಂತ ಕಡಿಮೆ ಇರಬಾರದು. ಈ ಗುಣ ಕಡಿಮೆಯಾದ ದೀಪದ ಕೆಳಗೆ ಕುಂಕುಮ ಮಂಕಾಗುತ್ತದೆ, ಸೀರೆಯ ಬಣ್ಣ ಮೋಸ ಮಾಡುತ್ತದೆ, ಅಕ್ಕಿ ಆರಿಸುವಾಗ ಕಲ್ಲು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ. ದೀಪ ಮಿನುಗುತ್ತಿದೆಯೇ ಎಂದು ಅರಿಯಲು ಒಂದು ಸುಲಭೋಪಾಯವಿದೆ. ಉರಿಯುವ ಬಲ್ಬನ್ನು ಮೊಬೈಲಿನ ಕ್ಯಾಮೆರಾದ ಮೂಲಕ ನೋಡಬೇಕು. ಪರದೆಯ ಮೇಲೆ ಕಪ್ಪು ಪಟ್ಟಿಗಳು ದಟ್ಟವಾಗಿ ಓಡಿದರೆ ಅದು ಓದುವವರ ಮೇಜಿಗೆ ತಕ್ಕುದಲ್ಲ.

ಎಲ್‌ಇಡಿ ಬೇಗ ಕೆಡುತ್ತದೆ ಎಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ಬಹುಮಟ್ಟಿಗೆ ಅಲ್ಲಿ ಕೆಡುವುದು ಬೆಳಕಿನ ಕಣವಲ್ಲ, ಅದರ ಬುಡದಲ್ಲಿರುವ ಸಣ್ಣ ಮಂಡಲ, ಕೆಡಿಸುವುದು ಶಾಖ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ದೊಡ್ಡ ಬಲ್ಬನ್ನು ಹುದುಗಿಸಿದರೆ ಅದರ ಆಯುಷ್ಯ ಕುಂದುತ್ತದೆ. ಅಲಂಕಾರದ ಬುರುಡೆಯನ್ನು ಕೊಳ್ಳುವಾಗ ಮೇಲೆ ಕೆಳಗೆ ಗಾಳಿ ಹೋಗಿ ಬರುವಂಥದನ್ನು ಆರಿಸಬೇಕು. ಬಲ್ಬಿನ ರಸೀದಿಯನ್ನು ಗ್ಯಾರಂಟಿ ಮುಗಿಯುವವರೆಗೆ ಜೋಪಾನವಾಗಿ ಇಡಬೇಕು.

ಬೆಳಕು ಬೀಳಬೇಕಾದ ಸ್ಥಳ

ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಇಂದಿನ ಮನೆಗಳಲ್ಲಿ ಬೇರೊಂದು ರೀತಿಯಲ್ಲಿ ನಿಜವಾಗಿದೆ. ಹಜಾರದ ನಡುಚಾವಣಿಯಲ್ಲಿ ಝಗಝಗಿಸುವ ದೀಪಗಳು. ಪುಸ್ತಕ ಹಿಡಿದ ಮಗುವಿನ ಮಡಿಲಲ್ಲಿ ಅದರದೇ ತಲೆಯ ನೆರಳು. ಬೆಳಕಿನ ನಿಯಮವೊಂದನ್ನು ಗೃಹಿಣಿಯರು ನೆನಪಿಟ್ಟರೆ ಸಾಕು. ದೀಪದ ದೂರ ಅರ್ಧವಾದರೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಎಂಟಡಿ ಮೇಲಿರುವ ಬಲ್ಬನ್ನು ಎರಡಡಿಗೆ ಇಳಿಸಿದರೆ, ಪುಟದ ಮೇಲೆ ಅದರಿಂದ ನೇರವಾಗಿ ಬೀಳುವ ಬೆಳಕು ಹದಿನಾರು ಪಟ್ಟು. ಆದುದರಿಂದ ಓದುವ ಮೇಜಿನ ಮೇಲೆ 5 ವಾಟಿನ ಒಂದು ಸಣ್ಣ ದೀಪವಿದ್ದರೆ ಚಾವಣಿಯ ಹತ್ತು ದೀಪಗಳು ಮಾಡಲಾರದ ಕೆಲಸವಾಗುತ್ತದೆ.

ಅಡುಗೆಮನೆಯ ಸ್ಥಿತಿಯೂ ಹೀಗೆಯೇ. ದೀಪ ಬೆನ್ನ ಹಿಂದಿನ ಗೋಡೆಯಲ್ಲಿದ್ದರೆ ತರಕಾರಿ ಹೆಚ್ಚುವವರ ನೆರಳು ಈಳಿಗೆಯ ಮೇಲೆಯೇ ಬೀಳುತ್ತದೆ. ಒಲೆಕಟ್ಟೆಯ ಮುಂದಿನ ಗೂಡಿನ ಕೆಳಗೆ ಒಂದು ಪಟ್ಟಿದೀಪ ಹಾಕಿಸಿದರೆ ಬೆರಳೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ.

ಹಿರಿಯರ ಮಾತು ಮತ್ತೂ ಬೇರೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರುವತ್ತು ವರ್ಷದವರಿಗೆ ತಲುಪುತ್ತದೆ. ಮೊಮ್ಮಗನಿಗೆ ಧಾರಾಳವಾಗಿ ಕಾಣುವ ಕೋಣೆ ಅಜ್ಜಿಗೆ ಮಬ್ಬುಗತ್ತಲೆ. “ಅಜ್ಜಿಗೆ ಕಣ್ಣು ಕಾಣುವುದಿಲ್ಲ” ಎಂದು ಮನೆಯವರು ನಿಟ್ಟುಸಿರಿಡುವ ಮೊದಲು ಅವರು ಕುಳಿತುಕೊಳ್ಳುವ ಮೂಲೆಗೆ ಒಂದು ದೀಪ ಹಾಕಿಸಿ ನೋಡಬೇಕು.

ಗೋಡೆ, ಪರದೆ, ಬೀರು

ಬೆಳಕನ್ನು ಉಣ್ಣುವುದು ಬಲ್ಬು ಮಾತ್ರವಲ್ಲ, ಗೋಡೆಯೂ ಉಣ್ಣುತ್ತದೆ. ಸುಣ್ಣದ ಬಿಳಿಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಕೋಣೆಗೆ ಮರಳಿ ಕೊಡುತ್ತದೆ. ಕಡುಗೆಂಪು, ಕಡುನೀಲಿಗಳು ಬಹುಪಾಲನ್ನು ನುಂಗಿಬಿಡುತ್ತವೆ. ಒಂದು ಗೋಡೆಗೆ ಗಾಢವಾದ ಬಣ್ಣ ಬೇಕೆನಿಸಿದರೆ ಅದು ಕಿಟಕಿ ಇರುವ ಗೋಡೆಯೇ ಆಗಲಿ. ಹಗಲಿನ ಬೆಳಕು ನೇರವಾಗಿ ಬೀಳುವ ಎದುರು ಗೋಡೆಯೂ ಚಾವಣಿಯೂ ತಿಳಿಯಾಗಿರಲಿ. ಹಿಂದಿನವರ ತೊಟ್ಟಿ ಮನೆಯಲ್ಲಿ ನಡುವಿನ ಅಂಗಳ ಮನೆಗೆಲ್ಲ ಬೆಳಕು ಹಂಚುತ್ತಿದ್ದಿತು. ಹೆಂಚಿನ ನಡುವಿನ ಗಾಜಿನ ಬೆಳಕಿಂಡಿ ಕತ್ತಲೆಯ ಅಡುಗೆಮನೆಗೂ ಒಂದು ಬಿಲ್ಲೆ ಬಿಸಿಲನ್ನು ಇಳಿಸುತ್ತಿದ್ದಿತು. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಅಂಗಳವಿಲ್ಲ. ಇರುವುದು ಒಂದೆರಡು ಕಿಟಕಿ. ಅದರ ಮುಂದೆಯೇ ಬಟ್ಟೆಯ ಬೀರುವನ್ನು ನಿಲ್ಲಿಸಿ, ಉಳಿದ ಸಂದಿಗೆ ದಪ್ಪನೆಯ ಪರದೆ ಇಳಿಬಿಟ್ಟು, ನಡುಹಗಲಿನಲ್ಲಿ ದೀಪ ಉರಿಸುವ ಮನೆಗಳು ಅನೇಕ.

ಬೀರು ಕಿಟಕಿಯಿಲ್ಲದ ಗೋಡೆಗೆ ಸರಿಯಲಿ. ಓದುವ ಮೇಜು ಕಿಟಕಿಯ ಪಕ್ಕಕ್ಕೆ ಬರಲಿ. ಬಲಗೈಯಲ್ಲಿ ಬರೆಯುವ ಮಗುವಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳದು. ಪರದೆ ಎರಡು ಪದರದ್ದಾಗಲಿ. ಹಗಲಿಗೆ ಬೆಳಕನ್ನು ಬಿಟ್ಟು ಮರೆಯನ್ನು ಕಾಯುವ ತೆಳು ಹತ್ತಿ, ರಾತ್ರಿಗೆ ದಪ್ಪನೆಯದು.

ಪಡುವಣ ಕಿಟಕಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಳಿಬಿಸಿಲು ಗಾಜನ್ನು ದಾಟಿದ ಮೇಲೆ ಒಳಗಿನ ಪರದೆ ಎಷ್ಟೇ ದಪ್ಪವಿದ್ದರೂ ಶಾಖ ಮನೆಯೊಳಕ್ಕೆ ಬಂದಂತೆಯೇ. ಅದನ್ನು ಹೊರಗೇ ತಡೆಯಬೇಕು. ಬಿದಿರಿನ ಪರದೆಯನ್ನೋ ಲಾವಂಚದ ಚಾಪೆಯನ್ನೋ ಕಿಟಕಿಯ ಹೊರಗೆ ಇಳಿಬಿಟ್ಟರೆ ಕೋಣೆ ತಂಪಾಗಿರುತ್ತದೆ, ಫ್ಯಾನಿನ ದುಡಿಮೆಯೂ ತಗ್ಗುತ್ತದೆ. ದೀಪಗಳನ್ನು ಬದಲಿಸಿದ ಮನೆಯಲ್ಲಿ ಮುಂದಿನ ಉಳಿತಾಯ ಇರುವುದು ಈ ಫ್ಯಾನಿನಲ್ಲಿಯೇ. ಸಾಮಾನ್ಯ ಚಾವಣಿ ಫ್ಯಾನು ಪೂರ್ಣ ವೇಗದಲ್ಲಿ ಸುಮಾರು 75 ವಾಟ್ ಉಣ್ಣುತ್ತದೆ. ಬಿಎಲ್‌ಡಿಸಿ ಎಂಬ ಹೊಸ ಬಗೆಯದು ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಮೊದಲನೆಯದಕ್ಕೆ ತಿಂಗಳಿಗೆ 27 ಯೂನಿಟ್, ಎರಡನೆಯದಕ್ಕೆ ಹನ್ನೊಂದಕ್ಕಿಂತ ಕಡಿಮೆ. ಬೆಲೆ ಹೆಚ್ಚೆಂಬುದು ನಿಜ. ಅದಕ್ಕಾಗಿ ಎಲ್ಲ ಫ್ಯಾನುಗಳನ್ನೂ ಒಮ್ಮೆಲೆ ಬದಲಿಸದೆ, ಹೆಚ್ಚು ಹೊತ್ತು ತಿರುಗುವ ಒಂದನ್ನು ಮೊದಲು ಬದಲಿಸುವುದು ವಿವೇಕ.

ಹಾಸಿಗೆ ಇದ್ದಷ್ಟು ಕಾಲು ಚಾಚುವ ಸಂಸಾರಕ್ಕೆ ಕ್ರಮ ಹೀಗಿರಬಹುದು. ಮೊದಲು ಖರ್ಚಿಲ್ಲದ ಕೆಲಸ: ಬೀರು ಸರಿಸುವುದು, ಮೇಜು ತಿರುಗಿಸುವುದು, ಬಲ್ಬುಗಳ ಧೂಳು ಒರೆಸುವುದು. ಆಮೇಲೆ ಉಳಿದಿರುವ ಹಳೆಯ ಬಲ್ಬು, ಕೊಳವೆಗಳ ಬದಲಾವಣೆ. ಬಳಿಕ ಮೇಜಿಗೂ ಒಲೆಕಟ್ಟೆಗೂ ತಕ್ಕ ದೀಪ. ಪರದೆ, ಬಣ್ಣ, ಫ್ಯಾನುಗಳು ಕೈ ಅನುಕೂಲವಾದಂತೆ ಬರಲಿ.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಅರ್ಧ ವಾಟಿನ ಒಂದು ರಾತ್ರಿದೀಪ ಪ್ರತಿರಾತ್ರಿ ಹತ್ತು ಗಂಟೆ ಉರಿದರೂ ಆರು ತಿಂಗಳಿಗೆ ಒಂದು ಯೂನಿಟ್ ತುಂಬದು. ಅದನ್ನು ಅಜ್ಜಿಯ ಹಾಸಿಗೆಯಿಂದ ಬಚ್ಚಲುಮನೆಗೆ ಹೋಗುವ ದಾರಿಯಲ್ಲಿ, ಹೊಸ್ತಿಲು ಕಾಣುವಂತೆ, ಮೊಣಕಾಲೆತ್ತರದಲ್ಲಿ ಹಾಕಿಸಬೇಕು. ಹಾಕಿಸಿ ಸುಮ್ಮನಾಗಬಾರದು. ಈ ಲೆಕ್ಕವನ್ನು ಅಜ್ಜಿಯ ಪಕ್ಕದಲ್ಲಿ ಕುಳಿತು ಯಜಮಾನರೇ ಬಿಡಿಸಿ ಹೇಳಬೇಕು. “ದೀಪ ಆರಿಸಿ” ಎಂದು ವರ್ಷಗಟ್ಟಲೆ ಹೇಳಿದ ಬಾಯಿಯೇ “ಇದು ಇರಲಮ್ಮ” ಎಂದು ಹೇಳದ ಹೊರತು, ಅಜ್ಜಿ ಮಲಗುವ ಮುನ್ನ ಅದನ್ನೂ ಆರಿಸಿಯೇ ಮಲಗುತ್ತಾರೆ.