ಹಂಚಲು ಒಪ್ಪದ ಸಂಖ್ಯೆ

ಕಮಲಾಪುರದ ಕೆಂಪು ಬಾಳೆಹಣ್ಣು ಹನ್ನೆರಡು ತಂದ್ರೆ ಮೂವರಿಗೆ ನಾಲ್ಕರಂತೆ, ನಾಲ್ವರಿಗೆ ಮೂರರಂತೆ ಹಂಚಬಹುದು. ಹದಿಮೂರು ತಂದ್ರೆ? ಒಬ್ಬರೇ ಎಲ್ಲಾ ತಿನ್ಬೇಕು, ಇಲ್ಲಾಂದ್ರೆ ಹದಿಮೂರು ಮಂದಿ ಒಂದೊಂದು ತಿನ್ಬೇಕು. ಹಣ್ಣು ಮುರಿಯದೆ ಸಮಪಾಲು ಮಾಡಲು ಬೇರೆ ದಾರಿ ಇಲ್ಲ. ಇಂಥ ಹಟಮಾರಿಗಳೇ ಅವಿಭಾಜ್ಯ ಸಂಖ್ಯೆಗಳು.

ಇವುಗಳಿಗೆ ಕೊನೆ ಇಲ್ಲ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ತೋರಿಸಿದ. ಆದರೆ ದೊಡ್ಡದೊಂದನ್ನು ಹುಡುಕೋದು ಸುಲಭ ಅಲ್ಲ. 2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಂಟ್ ಕಂಡುಹಿಡಿದದ್ದು ಅಲ್ಲಿಯವರೆಗೆ ಗೊತ್ತಿದ್ದವುಗಳಲ್ಲೆಲ್ಲ ದೊಡ್ಡದು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಅದು ಸಿಗುತ್ತೆ. ಅದರಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೆ ಒಂದರಂತೆ ನಿದ್ದೆ ಬಿಟ್ಟು ಓದಿದರೂ ಒಂದು ವರ್ಷ ಮೂರು ತಿಂಗಳು ದಾಟುತ್ತೆ.

ಆದರೂ ಅದರ ಕೊನೆಯ ಅಂಕಿಯನ್ನು ನೀವು ಬಸ್ಸಲ್ಲಿ ಕೂತೇ ಹೇಳಬಹುದು. ಎರಡನ್ನು ಎರಡರಿಂದ ಗುಣಿಸ್ತಾ ಹೋದ್ರೆ ಕೊನೆಯ ಅಂಕಿ 2, 4, 8, 6, ಮತ್ತೆ 2 ಹೀಗೆ ಸುತ್ತುತ್ತೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಉಳಿಯೋದು 1. ಹಾಗಾಗಿ ಗುಣಲಬ್ಧದ ಕೊನೆ 2. ಒಂದು ಕಳೆದರೆ 1. ಮುಗೀತು!

ಇನ್ನೊಂದು ಗುಣ. 2ನ್ನು ಎಷ್ಟು ಸಲ ಗುಣಿಸ್ತೀವೋ ಆ ಸಂಖ್ಯೆಯೂ ಅವಿಭಾಜ್ಯವಾಗಿರಬೇಕು. ಮೂರು ಸಲಕ್ಕೆ 7, ಐದಕ್ಕೆ 31, ಏಳಕ್ಕೆ 127 ಬರುತ್ತೆ. ಆದರೆ ಹನ್ನೊಂದಕ್ಕೆ ಬರೋ 2047 ಕೈಕೊಡುತ್ತೆ; ಅದು 23 × 89. ಅದಕ್ಕೇ ಪ್ರತಿಯೊಂದನ್ನೂ ಪರೀಕ್ಷಿಸಲೇಬೇಕು.

ಕಂಪ್ಯೂಟರಿನ ಸೊನ್ನೆ-ಒಂದರ ಭಾಷೆಯಲ್ಲಿ ಬರೆದರೆ ಈ ದೈತ್ಯ ಬರೀ ಒಂದುಗಳ ಸಾಲು. ಎಡದಿಂದ ಓದಿ, ಬಲದಿಂದ ಓದಿ, ಒಂದೇ. ಇಂಥ ಸಂಖ್ಯೆಗಳ ಹುಚ್ಚು ನಮ್ಮ ಕಡೆಗೆ ಹೊಸದಲ್ಲ. ಒಂಬತ್ತನೇ ಶತಮಾನದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಎರಡೂ ಕಡೆ ಒಂದೇ ಆಗಿರೋ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 139 × 109 = 15151. ಗುಣಿಸಿದ ಎರಡೂ ಅವಿಭಾಜ್ಯಗಳೇ. 12345654321 ಕೂಡ ಅಲ್ಲಿದೆ. ಗ್ರಂಥದ ಆರಂಭದಲ್ಲಿ ಅವರು ಹೊಗಳಿದ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದ್ರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ.

"ಇದರಿಂದ ಏನ್ ಫಾಯ್ದಾ ರೀ ಸರ್?" ಅಂತ ನಮ್ಮ ಕೋಟೆ ಕಡೆಯ ಹುಡುಗರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಆರ್‌ಎಸ್‌ಎ ಎಂಬ ಬೀಗದಲ್ಲಿ ಸುಮಾರು ಮುನ್ನೂರು ಅಂಕಿಗಳ ಎರಡು ಅವಿಭಾಜ್ಯಗಳನ್ನು ಗುಣಿಸಿರ್ತಾರೆ. ಗುಣಿಸೋದು ಸಲೀಸು, ಮರಳಿ ಬಿಡಿಸೋದು ಮಹಾಕಷ್ಟ. ಆ ಕಷ್ಟವೇ ಕಾವಲು. ನಾಲ್ಕು ಕೋಟಿ ಅಂಕಿಯ ದೈತ್ಯನಿಗೆ ಮಾತ್ರ ಅಂಥ ಕೆಲಸ ಏನೂ ಇಲ್ಲ. ಅದನ್ನು ಹುಡುಕಿದ್ದು ಕುತೂಹಲಕ್ಕೆ.

ನನಗೆ ಮುಖ್ಯ ಅನಿಸೋದು ಆ ಕುತೂಹಲವೇ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಆ ಪಟ್ಟಿ ನೋಡಿ ನಮ್ಮ ಮಕ್ಕಳು 'ಲೆಕ್ಕ ನಮಗಲ್ಲ' ಅಂದುಕೊಂಡುಬಿಟ್ರೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ತಂಗಿಗೋ ಅಣ್ಣನ ಮಗನಿಗೋ ಮಾರ್ಕ್ಸ್ ಕೇಳಬೇಡಿ. 15151 ಯಾವ ಎರಡು ಸಂಖ್ಯೆಗಳ ಗುಣಲಬ್ಧ ಅಂತ ಕೇಳಿ. ಉತ್ತರ ಮಾತ್ರ ಬೇಗ ಹೇಳಬ್ಯಾಡ್ರಿ.