ಲಾರಿಗಳೂ ರೈಲು ಹತ್ತಲಿ

ಕೊಂಕಣ ರೈಲ್ವೆಯಲ್ಲಿ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ಉದ್ದಕ್ಕೂ ಜೋಡಿಸಿದ ತೆರೆದ ವ್ಯಾಗನ್‌ಗಳ ಮೇಲೆ ಸರಕು ತುಂಬಿದ ಲಾರಿಗಳು, ಅವುಗಳ ಕ್ಯಾಬಿನ್‌ನಲ್ಲೇ ಕಾಲು ಚಾಚಿ ಕುಳಿತ ಚಾಲಕರು. ‘ರೋ–ರೋ’ ಎಂದು ಕರೆಯುವ ಈ ಸೇವೆ 1999ರಲ್ಲಿ ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ ಶುರುವಾಯಿತು. ಆಮೇಲೆ ನಮ್ಮ ಸುರತ್ಕಲ್‌ವರೆಗೂ ಬಂತು. 2020ರ ಆಗಸ್ಟ್‌ನಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆಗೂ ಇಂಥದ್ದೇ ರೈಲು ಹೊರಟಿತು. ಒಂದೇ ಸಲಕ್ಕೆ ನಲವತ್ತಕ್ಕೂ ಹೆಚ್ಚು ಲಾರಿ, 682 ಕಿ.ಮೀ. ದೂರ. ಪರಿಸರದ ಮಾತು ಬಂದರೆ ನಾವು ಎಲೆಕ್ಟ್ರಿಕ್ ಸ್ಕೂಟರ್, ಎಲೆಕ್ಟ್ರಿಕ್ ಕಾರು ಎನ್ನುತ್ತೇವೆ. ಹಗಲೂ ರಾತ್ರಿ ಡೀಸೆಲ್ ಸುಡುವ ಸರಕು ಲಾರಿಗಳ ವಿಷಯ ಬರುವುದೇ ಅಪರೂಪ.

ರೈಲಿನ ಮೇಲುಗೈಗೆ ಕಾರಣ ಸರಳ. ಲಾರಿಯ ಟಯರ್ ಪ್ರತಿ ಸುತ್ತಿಗೂ ನೆಲಕ್ಕೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಅಷ್ಟು ಶಕ್ತಿ ಬರೀ ಬಿಸಿಯಾಗಿ ಹೋಗುತ್ತದೆ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಈ ಪ್ರತಿರೋಧ ಸುಮಾರು ಐದನೇ ಒಂದು ಭಾಗ. ಒಂದರ ಹಿಂದೆ ಒಂದು ಹೋಗುವ ವ್ಯಾಗನ್‌ಗಳಿಗೆ ಗಾಳಿಯ ತಡೆಯೂ ಕಡಿಮೆ. ಪೂರ್ತಿ ತುಂಬಿದ ಒಂದು ಅದಿರು ರೈಲು ಸುಮಾರು 3,500 ಟನ್ ಎಳೆಯುತ್ತದೆ. ಅಷ್ಟನ್ನು ಸಾಗಿಸಲು ಹತ್ತು ಚಕ್ರದ ಲಾರಿಗಳು ನೂರೈವತ್ತಕ್ಕೂ ಹೆಚ್ಚು ಬೇಕು.

ರೈಲಿನ ವಿದ್ಯುತ್ತೂ ಕಲ್ಲಿದ್ದಲಿನಿಂದಲೇ ಅಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಬಹುಪಾಲು ಹೌದು. ಆದರೆ ಟನ್ ಸರಕಿಗೆ ಬೇಕಾಗುವ ಶಕ್ತಿಯೇ ಕಡಿಮೆ ಇದ್ದಾಗ ಹೊಗೆಯೂ ಕಡಿಮೆ. ಸೌರ, ಪವನ ವಿದ್ಯುತ್ ಹೆಚ್ಚಿದಂತೆ ಅದೇ ಎಂಜಿನ್ ತಾನಾಗಿ ಶುದ್ಧವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕುವಾಗ ಇಂದಿನ ವಿದ್ಯುತ್ ಎಂಜಿನ್‌ಗಳು ತಂತಿಗೆ ಕರೆಂಟ್ ವಾಪಸ್ ಕೊಡುತ್ತವೆ. ಡೀಸೆಲ್ ಲಾರಿ ಘಾಟಿ ಇಳಿಯುವಾಗ ಕೊಡುವುದು ಬ್ರೇಕ್ ಸುಟ್ಟ ವಾಸನೆ ಮಾತ್ರ.

ರಸ್ತೆಯನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕುವವರೆಗೂ ಸಂಡೂರು, ಹೊಸಪೇಟೆಯಿಂದ ಬಂದರುಗಳ ಕಡೆಗೆ ಅದಿರು ಲಾರಿಗಳ ಸಾಲು ಹರಿಯುತ್ತಲೇ ಇತ್ತು. ದಾರಿ ಬದಿಯ ಬೆಳೆ, ಮನೆಯ ಗೋಡೆ, ಮರದ ಎಲೆ ಎಲ್ಲವೂ ಕೆಂಪು. ಆ ದೂಳನ್ನು ಉಸಿರಾಡಿದವರಿಗೆ ಸಾಗಣೆ ವೆಚ್ಚದಲ್ಲಿ ಪಾಲು ಸಿಗಲಿಲ್ಲ.

ಹಾಗಿದ್ದರೂ ಸರಕು ರಸ್ತೆಗೆ ಹೋದದ್ದೇಕೆ? 1951ರಲ್ಲಿ ದೇಶದ ಸರಕಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ರೈಲಿನದು. ಈಗ ಮೂವತ್ತೂ ಇಲ್ಲ. ರಾಷ್ಟ್ರೀಯ ರೈಲು ಯೋಜನೆ ಅದನ್ನು 45ಕ್ಕೆ ಏರಿಸುವ ಗುರಿ ಹೊಂದಿದೆ. ಅದಕ್ಕೆ ಹಳಿ ಮಾತ್ರ ಸಾಲದು. ಪ್ರಯಾಣಿಕರ ಟಿಕೆಟ್ ಅಗ್ಗವಾಗಿಡಲು ಸರಕಿನ ದರ ಏರಿಸುತ್ತಾ ಬಂದಿದ್ದೇವೆ. ಇಡೀ ರೈಲು ತುಂಬುವಷ್ಟು ಮಾಲು ಸಣ್ಣ ವ್ಯಾಪಾರಿಯ ಬಳಿ ಇರುವುದಿಲ್ಲ. ಮಾಲು ಯಾವಾಗ ತಲುಪುತ್ತದೆ ಎಂಬ ಖಾತ್ರಿಯೂ ಬೇಕು, ಟೊಮೆಟೊ ಕಾಯುವುದಿಲ್ಲ.

ಇಲ್ಲಿ ಒಂದು ಎಚ್ಚರ. ರೈಲು ಹಸಿರು ಎಂದ ಮಾತ್ರಕ್ಕೆ ಪಶ್ಚಿಮ ಘಟ್ಟದಲ್ಲಿ ಎಲ್ಲಿ ಬೇಕಾದರೂ ಹಳಿ ಹಾಕಬಹುದು ಎಂಬುದನ್ನು ನಾನು ಒಪ್ಪುವುದಿಲ್ಲ. ಕ್ಯಾಸಲ್‌ರಾಕ್ ಕಡೆಯ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗದ ವಿವಾದವೂ ಕಾಡಿನದೇ. ಕಾಡು ಕಡಿದು ಉಳಿಸುವ ಡೀಸೆಲ್‌ನ ಲೆಕ್ಕ ನೇರವಾಗಿಲ್ಲ. ಬಯಲುಸೀಮೆಯಲ್ಲಿ ಈಗಾಗಲೇ ಇರುವ ಹಳಿಗಳನ್ನು ಪೂರ್ತಿ ಬಳಸುವುದು ಮೊದಲ ಕೆಲಸ.

ಚಾಲಕರ ಕೆಲಸ ಹೋಗುವುದಿಲ್ಲವೇ? ಉದ್ಯೋಗ ಹುಡುಕುತ್ತಿರುವ ನಾವು ಈ ಪ್ರಶ್ನೆಯನ್ನು ಹಗುರವಾಗಿ ನೋಡಬಾರದು. ಅದಕ್ಕೇ ನನಗೆ ರೋ–ರೋ ಇಷ್ಟ. ಲಾರಿಯ ತೂಕವನ್ನೂ ಹೊರಬೇಕು ಎಂಬುದು ಅದರ ಕೊರತೆ. ಶಕ್ತಿಯ ಲೆಕ್ಕದಲ್ಲಿ ಕಂಟೇನರ್ ಇನ್ನೂ ಮೇಲು. ಆದರೆ ಇಲ್ಲಿ ಚಾಲಕ ಉಳಿಯುತ್ತಾನೆ. ರಾತ್ರಿಯಿಡೀ ಸ್ಟೀರಿಂಗ್ ಹಿಡಿಯುವ ಬದಲು ನಿದ್ದೆ ಮಾಡುತ್ತಾನೆ, ಊರು ಬಂದಾಗ ಇಳಿದು ಗೋದಾಮಿನವರೆಗೆ ಓಡಿಸುತ್ತಾನೆ. ಅದಿರು, ಸಿಮೆಂಟ್, ಉಕ್ಕಿಗೆ ನೇರ ರೈಲು. ಉಳಿದದ್ದಕ್ಕೆ ಕಂಟೇನರ್ ಮತ್ತು ರೋ–ರೋ. ಹೊಸ ಕೈಗಾರಿಕಾ ಪ್ರದೇಶಕ್ಕೆ ಭೂಮಿ ಗುರುತಿಸುವಾಗ ನಾಲ್ಕು ಪಥದ ರಸ್ತೆಯ ಜತೆಗೇ ಸರಕು ರೈಲು ಬಂದು ನಿಲ್ಲಲು ಒಂದು ಪಟ್ಟಿ ಜಾಗವನ್ನೂ ಕೆಐಎಡಿಬಿ ನಕ್ಷೆಯಲ್ಲಿ ಬಿಡಲಿ.